ಒಂದು ಗಂಟೆ ಮುಂದಿದ್ದ ಗಡಿಯಾರ

"ಆ ತಲೆಗಳನ್ನೆಲ್ಲ ನೀರಿಗೆ ಎಸೀತೀರಾ?"

ಕೇಳಿದವನು ಧಕ್ಕೆಯ ಮೇಲೆ ಮಳೆಯಲ್ಲಿ ಕೊಡೆಯಿಲ್ಲದೆ ನಿಂತಿದ್ದ. ನಾನು ದೋಣಿಯ ಹಿಂಬದಿಯಲ್ಲಿ ಕೂತು ಸಾಲ್ಮನ್ ಕೊಯ್ಯುತ್ತಿದ್ದೆ. ಗುರುವಾರ ಹಡಗು ಬಂದ ದಿನ ನಮ್ಮೂರಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಈ ನೀರು ಸಮುದ್ರದ್ದಾ, ಮಳೆ ಎಷ್ಟು ಗಂಟೆಗೆ ನಿಲ್ಲುತ್ತೆ, ಅಲಾಸ್ಕದಲ್ಲಿ ಡಾಲರ್ ನಡೆಯುತ್ತಾ. ಹಾಗಾಗಿ ತಲೆ ಎತ್ತದೆಯೇ ಉತ್ತರ ಕೊಟ್ಟೆ.

"ಮತ್ತೇನು, ಎಣ್ಣೆ ಹಚ್ಚಿ ತಲೆಸ್ನಾನ ಮಾಡಿಸ್ಲಾ?"

ಅವನು ನಕ್ಕ. "ಬೇಡ ಮೇಡಂ, ನಂಗೆ ಕೊಡಿ. ಹುಣಸೆಹಣ್ಣು ಹಾಕಿ ಸಾರು ಮಾಡ್ತೀನಿ. ಆ ಹಡಗಲ್ಲಿ ಎಂಟು ತಿಂಗಳಿಂದ ತಲೆ ಇರೋ ಒಂದು ಮೀನೂ ನಾನು ನೋಡಿಲ್ಲ."

ಆಗ ನೋಡಿದೆ. ಚಳಿಗೆ ಕೆಂಪಾದ ಕಿವಿ, ಎಡ ಹುಬ್ಬಿನಲ್ಲಿ ಒದ್ದೆಯಾಗಿ ಅಂಟಿಕೊಂಡ ಮೈದಾಹಿಟ್ಟು. ಹೆಸರು ಇಸಾಗನಿ, ಊರು ಫಿಲಿಪೀನ್ಸ್‌ನ ಒಂದು ದ್ವೀಪ, ಕೆಲಸ ಹಡಗಿನ ಬೇಕರಿಯಲ್ಲಿ. ರಾತ್ರಿಯಿಡೀ ಎರಡು ಸಾವಿರ ಜನರಿಗೆ ಬ್ರೆಡ್ ಬೇಯಿಸಿ, ಮಧ್ಯಾಹ್ನ ಮೂರು ಗಂಟೆ ಬಿಡುವು. ಆ ಮೂರು ಗಂಟೆಯಲ್ಲಿ ಅವನು ಕೇಳಲು ಬಂದದ್ದು ನಾನು ಕಡಲಿನ ಸೀಲ್ ಪ್ರಾಣಿಗಳಿಗೆ ಎಸೆಯುವ ವಸ್ತುವನ್ನು.

"ಸಾರು ಎಲ್ಲಿ ಮಾಡ್ತೀಯ?"

"ಅದೊಂದು ಯೋಚ್ನೆ ಮಾಡಿಲ್ಲ."

"ಒಳಗೆ ಒಲೆ ಇದೆ. ಬೂಟು ಒರೆಸ್ಕೊಂಡು ಬಾ. ಮೇಡಂ ಅನ್ಬೇಡ, ನನ್ನ ಹೆಸ್ರು ಸಿಗ್ನೆ."

"ಸರಿ, ಕ್ಯಾಪ್ಟನ್," ಎಂದ. ಬೇಸಿಗೆ ಪೂರ್ತಿ ಹಾಗೆಯೇ ಕರೆದ.

ಹೀಗೆ ಶುರುವಾಯಿತು. ಅವನ ಸಾರಿನ ಮೊದಲ ಚಮಚಕ್ಕೇ ನನ್ನ ಕಣ್ಣಲ್ಲಿ ನೀರು ಬಂತು. ಹುಳಿಗೆ ಅಂದೆ. ಅವನು ನಂಬಿದಂತೆ ಮಾಡಿದ.

ಇದು ಮೊಬೈಲ್ ಫೋನು ನಮ್ಮೂರಿಗೆ ಬರುವ ಮುಂಚಿನ ಮಾತು. ನನಗಾಗ ಮೂವತ್ತಾರು. 'ಇಂಗಾ' ಅಪ್ಪನ ದೋಣಿ, ಅಜ್ಜಿಯ ಹೆಸರು ಇಟ್ಟದ್ದು. ಅಪ್ಪ ಹೋದಮೇಲೆ ಒಂಬತ್ತು ವರ್ಷದಿಂದ ಒಬ್ಬಳೇ ಗಾಳ ಎಳೆಯುತ್ತಿದ್ದೆ, ಒಬ್ಬಳೇ ಉಣ್ಣುತ್ತಿದ್ದೆ, ಅದು ಅಭ್ಯಾಸವಾಗಿತ್ತು. ಎರಡನೇ ತಟ್ಟೆ ಎಲ್ಲಿದೆ ಎಂದು ಅವನು ಕೇಳಿದಾಗ ಅರ್ಧ ಗಂಟೆ ಹುಡುಕಿದೆ.

ಮುಂದಿನ ವಾರ ಎರಡು ಗಂಟೆಗೆ ಬಾ ಅಂದಿದ್ದೆ. ಸರಿಯಾಗಿ ಎರಡಕ್ಕೆ ನಾನು ಧಕ್ಕೆಗೆ ಬಂದರೆ ಅವನು ಎದ್ದು ಹೊರಟಿದ್ದ, ಕೋಳಿಮರಿಯ ಹಾಗೆ ನೆನೆದಿದ್ದ. ಕೋಟಿನೊಳಗೆ ಎದೆಗೆ ಒತ್ತಿ ಹಿಡಿದ ಬ್ರೆಡ್ ಪೊಟ್ಟಣ ಮಾತ್ರ ಒಣಗಿತ್ತು.

"ಒಂದು ಗಂಟೆ ಕಾದೆ, ಕ್ಯಾಪ್ಟನ್."

"ಗಡಿಯಾರ ನೋಡ್ಕೊ. ಈಗ ಎರಡು."

"ನಂದ್ರಲ್ಲಿ ಮೂರು."

ತಪ್ಪು ನನ್ನದೇ. ಹಡಗು ತಾನು ಹೊರಟ ದಕ್ಷಿಣದ ಬಂದರಿನ ಗಂಟೆಯನ್ನೇ ಇಟ್ಟುಕೊಂಡು ಬರುತ್ತದೆ, ನಮ್ಮೂರಿಗಿಂತ ಒಂದು ಗಂಟೆ ಮುಂದೆ. ಇದು ಊರಿನ ಮಕ್ಕಳಿಗೂ ಗೊತ್ತು. ಸಂಜೆ ಐದಕ್ಕೆ ಹಡಗು ಹೊರಡುತ್ತದೆಂದರೆ ನಮಗೆ ನಾಲ್ಕು. ವರ್ಷಕ್ಕೆ ಇಬ್ಬರಾದರೂ ಪ್ರವಾಸಿಗರು ನಮ್ಮ ಚರ್ಚಿನ ಗಡಿಯಾರ ನಂಬಿ ಹಡಗು ತಪ್ಪಿಸಿಕೊಂಡು, ಧಕ್ಕೆಯಲ್ಲಿ ಐಸ್‌ಕ್ರೀಮ್ ಹಿಡಿದು ಅಳುತ್ತಾರೆ. ಚರ್ಚಿನ ಗಂಟೆಯಾದರೂ ತಪ್ಪಬಹುದು, ಹಡಗು ಹೊರಡುವ ಹೊತ್ತು ತಪ್ಪುವುದಿಲ್ಲ.

ಅವನ ಒದ್ದೆ ಕೂದಲು ನೋಡಿ ನನಗೆ ಏನಾಯಿತೋ. ದೋಣಿಯೊಳಗೆ ಅಪ್ಪನ ಹಿತ್ತಾಳೆ ಗಡಿಯಾರವಿತ್ತು, ಗಂಟೆ ಹೊಡೆಯುವಂಥದ್ದು. ಅದರ ಗಾಜು ತೆರೆದು, ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದೆ. ಅಪ್ಪನ ನಂತರ ಅದನ್ನು ಯಾರೂ ಮುಟ್ಟಿರಲಿಲ್ಲ.

"ಈ ದೋಣಿಯಲ್ಲಿ ಇನ್ಮೇಲೆ ನಿನ್ನ ಗಂಟೆ," ಅಂದೆ.

ಅವನು ಆ ಮುಳ್ಳನ್ನೇ ನೋಡಿದ. ಆಮೇಲೆ ಮೆಲ್ಲಗೆ, "ಬೇಸಿಗೆ ಮುಗಿದ್ಮೇಲೆ ವಾಪಸ್ ತಿರುಗಿಸ್ಬೇಕಾಗುತ್ತಲ್ಲ?"

"ಹಿಂದಕ್ಕೆ ತಿರುಗಿಸೋ ಹಾಗಿಲ್ಲ, ಹಲ್ಲು ಮುರಿಯುತ್ತೆ. ಒಳಗಿನ ಸಣ್ಣ ಚಕ್ರಕ್ಕೆ ಒಂದು ಕಾಗದದ ಚೂರು ಅಡ್ಡ ಇಟ್ಟು ನಿಲ್ಲಿಸ್ಬೇಕು. ಒಂದು ಗಂಟೆ ಕಾದು, ಆಮೇಲೆ ಕಾಗದ ತೆಗೀಬೇಕು. ಅಪ್ಪ ಹೇಳ್ಕೊಟ್ಟದ್ದು."

"ಹಾಗಾದ್ರೆ ಆ ಪ್ರಸಂಗಾನೇ ಬರ್ದಿರ್ಲಿ," ಎಂದ. ನಾನು ಒಲೆಯ ಕಡೆ ತಿರುಗಿ ಸುಮ್ಮನೆ ಕೆಂಡ ಕೆದಕಿದೆ.

ಗುರುವಾರಗಳು ಹಾಗೆ ಹೋದವು. ನಮಗಿದ್ದದ್ದು ಒಟ್ಟು ಹದಿನೇಳು. ಅವನು ಬ್ರೆಡ್ ತರುತ್ತಿದ್ದ, ನಾನು ಮೀನಿನ ತಲೆ ಎತ್ತಿಡುತ್ತಿದ್ದೆ. ಧಕ್ಕೆಯ ತುದಿಯಲ್ಲಿ ಮೀನು ಹೊಗೆ ಹಾಕಿ ಮಾರುವ ಥೋರಾ ಅತ್ತೆ, ಅಂದರೆ ಅಪ್ಪನ ಅಕ್ಕ, ಅಂಗಡಿಯ ಕಿಟಕಿಯಿಂದ ಎಲ್ಲ ನೋಡುತ್ತಿದ್ದಳು.

"ಏನೇ ಹುಡುಗಿ, ಗುರುವಾರ ಬಂದ್ರೆ ಕೂದ್ಲು ಬಾಚ್ಕೋತೀಯ?"

"ಗಾಳಿ ಇತ್ತು ಅತ್ತೆ."

"ಗಾಳಿ ಬಾಚ್ತಾ? ಒಳ್ಳೇ ಗಾಳಿ ಕಣೇ. ನಂಗೂ ಸ್ವಲ್ಪ ಕಳ್ಸು."

ಅವನು ನನ್ನ ಕೈಯ ಗಾಳದ ಗಾಯಗಳನ್ನು ಎಣಿಸುತ್ತಿದ್ದ. ನಾನು ಅವನ ಮುಂಗೈಯ ಸುಟ್ಟ ಗೆರೆಗಳನ್ನು ಎಣಿಸುತ್ತಿದ್ದೆ. ಜುಲೈನಲ್ಲಿ ಒಂದು ದಿನ ಇಬ್ಬರದೂ ಹನ್ನೊಂದು ಹನ್ನೊಂದು ಆಯಿತು. "ಸಮ," ಎಂದು ಅವನು ನನ್ನ ಕೈ ಬಿಡಲೇ ಇಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ಹದಿನಾರನೇ ಗುರುವಾರ ಅವನು ಕೇಳಿದ. ತಟ್ಟೆ ತೊಳೆಯುತ್ತಾ, ನನ್ನ ಕಡೆ ನೋಡದೆ.

"ನನ್ನ ಕಾಂಟ್ರಾಕ್ಟ್ ಮುಗೀತಾ ಇದೆ, ಕ್ಯಾಪ್ಟನ್. ಮತ್ತೆ ಮೂರು ವರ್ಷಕ್ಕೆ ಸಹಿ ಹಾಕು ಅಂತಿದ್ದಾರೆ. ನೀನು ಹೂಂ ಅಂದ್ರೆ ಹಾಕಲ್ಲ. ಇಲ್ಲಿಗೆ ಬರ್ತೀನಿ. ಈ ಊರಲ್ಲಿ ತಿನ್ನೋ ಹಾಗಿರೋ ಒಂದು ಬ್ರೆಡ್ಡೂ ಇಲ್ಲ, ನನ್ನ ಹೊಟ್ಟೆಪಾಡು ನಡೆಯುತ್ತೆ."

ಅವನಿಗೆ ಗೊತ್ತಿದ್ದದ್ದು ಬೇಸಿಗೆಯ ಊರು. ಅಕ್ಟೋಬರಿನಲ್ಲಿ ಹಡಗುಗಳು ನಿಂತಮೇಲೆ ಪ್ರವಾಸಿಗರಿಗೆಂದೇ ತೆರೆದ ವಜ್ರದ ಅಂಗಡಿಗಳಿಗೆ ಹಲಗೆ ಬಡಿಯುತ್ತಾರೆ. ಮೂರು ಗಂಟೆಗೆ ಕತ್ತಲು, ಏಪ್ರಿಲ್‌ವರೆಗೆ ಮಳೆ. ನನ್ನ ಅಮ್ಮನೂ ಹೊರಗಿನಿಂದ ಬಂದವಳು. ನನಗೆ ಏಳು ವರ್ಷವಾಗಿದ್ದಾಗ, ಒಂದು ಫೆಬ್ರವರಿಯಲ್ಲಿ, ಬ್ಯಾಗು ಹಿಡಿದು ಫೆರಿ ಹತ್ತಿದಳು. ಕೈ ಬೀಸಿದಳು. ಅಪ್ಪ ಮನೆಗೆ ಬಂದು ಆಲೂಗಡ್ಡೆ ಬೇಯಿಸಿದ.

"ಇಲ್ಲಿನ ಚಳಿಗಾಲ ನಿಂಗೆ ಗೊತ್ತಿಲ್ಲ," ಅಂದೆ.

"ಗೊತ್ತಿಲ್ಲ. ಬೇಸಿಗೇನೂ ಗೊತ್ತಿರ್ಲಿಲ್ಲ, ಕಲ್ತೆ."

"ನಂಗೆ ಒಂದು ವಾರ ಕೊಡು."

"ತಗೋ. ಮುಂದಿನ ಗುರುವಾರ ಕೊನೇ ಟ್ರಿಪ್ಪು. ಇಲ್ಲೇ ಕೂತಿರ್ತೀನಿ." ಆಮೇಲೆ ತಟ್ಟೆ ಒರೆಸಿಟ್ಟು ಹೇಳಿದ, "ನೀನು ಬರ್ಲಿಲ್ಲ ಅಂದ್ರೆ ಅದೇ ಉತ್ತರ ಅಂತ ತಿಳ್ಕೋತೀನಿ. ಬಾಯಿಬಿಟ್ಟು ಇಲ್ಲ ಅನ್ನೋ ಕಷ್ಟ ನಿಂಗೆ ಬೇಡ. ನಾನು ಮತ್ತೆ ಕಾಡಲ್ಲ."

ನನಗೆ ವಾರವೇನೂ ಬೇಕಾಗಲಿಲ್ಲ. ಸೋಮವಾರ ಕೊನೆಯ ಕೋಹೋ ಮೀನಿಗೆಂದು ಹೊರಟೆ, ಮಂಗಳವಾರ ಬೆಳಿಗ್ಗೆ ನಡುನೀರಿನಲ್ಲಿ ಎರಡು ತಟ್ಟೆ ಎದುರಿಗಿಟ್ಟುಕೊಂಡು ಕೂತಿದ್ದೆ. ಒಬ್ಬಳೇ ಇದ್ದೂ ಎರಡು ತಟ್ಟೆ ಇಟ್ಟಿದ್ದೆ. ಇನ್ನೇನು ಯೋಚಿಸುವುದು? ಫೆಬ್ರವರಿ ಬಂದರೆ ಬರಲಿ. ಅವನು ಹೋದರೆ ಹೋಗಲಿ, ಅಲ್ಲಿಯವರೆಗಾದರೂ ಇರುತ್ತಾನಲ್ಲ. ಹೂಂ ಎಂದು ಗಾಳಿಗೆ ಹೇಳಿ ನೋಡಿದೆ. ಹೇಳಲು ಸುಲಭವಾಗಿತ್ತು.

ಗುರುವಾರ ಬೆಳಿಗ್ಗೆ ಮಂಜು ಕವಿಯಿತು. ಎರಡು ಮಾರು ಆಚೆ ಕಾಣದು. ನನ್ನ ರೇಡಾರ್ ಆಗಸ್ಟಿನಲ್ಲೇ ಕೈಕೊಟ್ಟಿತ್ತು. ಲಂಗರು ಹಾಕಿ ಕೂತೆ, ಬೈದೆ, ಬೇಡಿಕೊಂಡೆ. ದ್ವೀಪಗಳ ಹಿಂಬದಿಯಿಂದ ರೇಡಿಯೋ ಊರನ್ನು ಮುಟ್ಟುವುದಿಲ್ಲ, ಆದರೂ ಅತ್ತೆಯನ್ನು ಕರೆದೆ. ಮಂಜು ಸರಿದಾಗ ಅಪ್ಪನ ಗಡಿಯಾರದಲ್ಲಿ ಎರಡು ಹೊಡೆಯಿತು. ಎಂಜಿನ್ನಿನ ಕಿವಿ ಹಿಂಡಿ ಓಡಿಸಿದೆ.

ಕೊನೆಯ ದ್ವೀಪದ ಹತ್ತಿರ ಬಂದೆ. ನೀರಿಗೆ ಮೂಗಿನಂತೆ ಚಾಚಿದ ಅದರ ತುದಿಯನ್ನು ಸುತ್ತಿದರೆ ಇಪ್ಪತ್ತೇ ನಿಮಿಷಕ್ಕೆ ಊರು. ಆಗ ಗಡಿಯಾರ ಐದು ಹೊಡೆಯಿತು.

ಐದೂ ಹೊಡೆತ ಎಣಿಸಿದೆ. ಹಡಗು ಹೊರಟಿತು. ಅದು ದಕ್ಷಿಣಕ್ಕೆ ಹೋಗುವ ಕಾಲುವೆ ದ್ವೀಪದ ಆಚೆ ಬದಿಯಲ್ಲಿದೆ, ಇಲ್ಲಿಂದ ಕಾಣುವುದಿಲ್ಲ.

ನಿಜ ಹೇಳಿಬಿಡುತ್ತೇನೆ. ಒಂದು ಕ್ಷಣ ಎದೆ ಹಗುರಾಯಿತು. ತೀರ್ಮಾನವನ್ನು ಮಂಜೇ ಮಾಡಿತಲ್ಲ ಎಂದು. ಮರುಕ್ಷಣ ಎಂಜಿನ್ ನಿಧಾನ ಮಾಡಿದೆ. ಮೂಗು ಸುತ್ತಿ ಹೋಗಿ ಖಾಲಿ ಧಕ್ಕೆ ನೋಡುವ ಧೈರ್ಯ ನನಗಿರಲಿಲ್ಲ. ಪಕ್ಕದಲ್ಲೇ ಒಂದು ಸಣ್ಣ ಕೊಲ್ಲಿ, ಅಲ್ಲಿ ಡೆವ್ಲಿನ್ ಎಂಬ ಮುದುಕ ಬಾರ್ಜ್ ಎಂಬ ಚಪ್ಪಟೆ ದೋಣಿ ನಿಲ್ಲಿಸಿಕೊಂಡು ಮೀನು ಕೊಳ್ಳುತ್ತಾನೆ. ಮೂರು ದಿನದ ಮೀನು ಐಸಿನಲ್ಲಿತ್ತು. ಚುಕ್ಕಾಣಿಯನ್ನು ಆ ಕಡೆ ತಿರುಗಿಸಿದೆ.

ಡೆವ್ಲಿನ್ ನಿಧಾನದ ಮನುಷ್ಯ. ಒಂದೊಂದೇ ಬುಟ್ಟಿ ಮೇಲೆತ್ತಿ ತೂಗಿದ. ನಾನು ಹಲಗೆಯ ಮೇಲೆ ಕೂತು ಬರೀ ನೀರು ನೋಡುತ್ತಿದ್ದೆ. ಗಂಟೆಯ ಮೇಲಾಯಿತು. ಆಗ ಕೊಲ್ಲಿಯ ಬಾಯಲ್ಲಿ ಬೆಳ್ಳಗೆ, ಎತ್ತರಕ್ಕೆ, ಹಡಗು ಹಾದುಹೋಗಲು ತೊಡಗಿತು.

"ಇದ್ಯಾಕೆ ಇಷ್ಟು ಲೇಟು?" ಅಂದೆ.

"ಲೇಟೆಲ್ಲಿ ಬಂತು, ಐದಕ್ಕೆ ಸರಿಯಾಗಿ ಬಿಟ್ಟಿದೆ," ಎಂದು ಡೆವ್ಲಿನ್ ಕೈಗಡಿಯಾರ ತೋರಿಸಿದ. ಐದೂ ಇಪ್ಪತ್ತು. "ಕೊನೇ ಟ್ರಿಪ್ಪಲ್ವಾ? ಈ ಸಲ ದಕ್ಷಿಣಕ್ಕೆ ಹೋಗಲ್ಲ, ಜಪಾನ್ ಕಡೆ ಹೋಗ್ತದೆ, ಅದಕ್ಕೇ ಈ ದಾರಿ. ನಿನ್ನೆನೇ ಗಡಿಯಾರ ಒಂದು ಗಂಟೆ ಹಿಂದೆ ಮಾಡ್ಕೊಂಡ್ರಂತೆ. ಈಗ ಅವ್ರದೂ ನಮ್ದೂ ಒಂದೇ ಟೈಮು."

ನನ್ನ ಗಡಿಯಾರ ಐದು ಹೊಡೆದಾಗ ಊರಿನಲ್ಲಿ ನಾಲ್ಕು. ಹಡಗಿನಲ್ಲೂ ನಾಲ್ಕು. ಮೂಗು ಸುತ್ತಿದ್ದರೆ ನಲವತ್ತು ನಿಮಿಷ ಸಿಗುತ್ತಿತ್ತು. ಹೂಂ ಎನ್ನಲು ಎಷ್ಟು ಹೊತ್ತು ಬೇಕು?

ಹಗ್ಗ ಕಿತ್ತೆಸೆದೆ. "ಏಯ್, ಬುಟ್ಟಿ! ಬುಟ್ಟಿ ಕಣೇ!" ಎಂದು ಡೆವ್ಲಿನ್ ಕೂಗುತ್ತಿದ್ದ. 'ಇಂಗಾ' ಅಷ್ಟು ಜೋರಾಗಿ ಎಂದೂ ಓಡಿರಲಿಲ್ಲ. ಹಡಗಿನ ಹಿಂಬದಿಯ ಕೆಳ ಅಂತಸ್ತಿನಲ್ಲಿ, ಕೆಲಸಗಾರರು ನಿಲ್ಲುವ ಜಾಗದಲ್ಲಿ, ಬಿಳಿ ಏಪ್ರನ್ನಿನ ಒಬ್ಬನೇ ಒಬ್ಬ ನಿಂತಿದ್ದ.

ಅವನು ನನ್ನನ್ನು ನೋಡಿದ. ನಾನು ಬಂದ ಕೊಲ್ಲಿಯನ್ನು ನೋಡಿದ. ಅಲ್ಲಿನ ಬಾರ್ಜನ್ನು, ನನ್ನ ದೋಣಿಯ ತೆರೆದ ಮೀನಿನ ಕಣಜವನ್ನು, ಅದರ ಮೇಲೆ ಇನ್ನೂ ತೂಗಾಡುತ್ತಿದ್ದ ಬುಟ್ಟಿಯನ್ನು ನೋಡಿದ. ಊರಿಗೆ ಇಪ್ಪತ್ತು ನಿಮಿಷದ ದೂರದಲ್ಲಿ ಕೂತು ನಾನು ಮೀನು ಮಾರುತ್ತಿದ್ದೆ. ಅವನಿಗೆ ಇನ್ನೇನು ಅರ್ಥವಾಗಬೇಕಿತ್ತು?

"ಹೂಂ!" ಎಂದು ಕಿರುಚಿದೆ. "ಇಸಾಗನಿ, ಹೂಂ! ಹೂಂ!"

ಹಡಗಿನ ಸದ್ದಿನಲ್ಲಿ ಅದು ಎಲ್ಲಿ ಕೇಳೀತು. ಅವನು ಕೈ ಎತ್ತಿ ಒಮ್ಮೆ ಬೀಸಿದ, ಬೇಸರವಿಲ್ಲದೆ, ಮರ್ಯಾದೆಯಿಂದ. ಆಮೇಲೆ ಅಮ್ಮನ ಹಾಗೆ ಒಳಗೆ ಹೋದ.

ಧಕ್ಕೆಯಲ್ಲಿ ಥೋರಾ ಅತ್ತೆ ನಿಂತಿದ್ದಳು. ಅವಳ ಕೈಯಲ್ಲಿ ಬ್ರೆಡ್ ಪೊಟ್ಟಣ. ಎಂದೂ ಇಲ್ಲದೆ ತಮಾಷೆ ಮಾಡಲಿಲ್ಲ.

"ಕೊನೇ ಟ್ರಿಪ್ಪು ಅಂತ ಜಾಸ್ತಿ ಬಿಡುವು ಕೇಳ್ಕೊಂಡು ಹನ್ನೆರಡರಿಂದ ಇಲ್ಲೇ ಕೂತಿದ್ದ ಕಣೇ. ಒಳಗೆ ಬಾರೋ, ಬಿಸಿ ಏನಾದ್ರೂ ಕುಡಿ ಅಂದೆ. ಬರ್ಲಿಲ್ಲ. ಇವತ್ತು ನಮ್ಮ ಹಡಗಿಂದೂ ನಿಮ್ಮೂರಿಂದೂ ಒಂದೇ ಗಂಟೆ ಅತ್ತೆ, ಒಳ್ಳೇ ಶಕುನ, ಅಂತ ನಗ್ತಿದ್ದ. ನಾಲ್ಕು ಗಂಟೆಗೆ ಎಲ್ರನ್ನೂ ಹಡಗಿಗೆ ಕರೆದ್ರು. ಆಮೇಲೂ ಮುಕ್ಕಾಲು ಗಂಟೆ ಕೂತ. ಯಾರೋ ಬಂದು ಬೈದು ಕರ್ಕೊಂಡು ಹೋದ್ರು."

ಆ ಬ್ರೆಡ್ ತಿನ್ನದೆ ಇಟ್ಟುಕೊಂಡೆ ಎಂದರೆ ಕಥೆಗೆ ಚೆನ್ನಾಗಿರುತ್ತದೆ. ತಿಂದೆ. ಒಲೆಯ ಮುಂದೆ ಕೂತು, ಅಳುತ್ತಾ, ಪೊಟ್ಟಣದಲ್ಲಿದ್ದ ಎಂಟೂ ಬ್ರೆಡ್ ತಿಂದೆ.

ಕಾಗದ ಬರೆದೆ. ಹಡಗಿನ ಕಂಪನಿಗೆ, ಅವನ ಹೆಸರಿಗೆ, ಚಳಿಗಾಲದಲ್ಲಿ ಒಂಬತ್ತು ಕಾಗದ. ಮಂಜು, ಗಡಿಯಾರ, ಡೆವ್ಲಿನ್, ಎಲ್ಲ ಬರೆದೆ. ಪ್ರತಿಯೊಂದರ ಕೊನೆಗೂ ಹೂಂ ಎಂದು ಬರೆದೆ. ಏಪ್ರಿಲ್ ಬಂತು, ಬೇರೆ ಹಡಗು ಬಂತು, ಬೇರೆ ಬೇಕರಿಯವನು ಬಂದ. ಬೇಸಿಗೆಯೂ ಮುಗಿಯಿತು. ಗಡಿಯಾರ ಮಾತ್ರ ಅವನ ಗಂಟೆಯಲ್ಲೇ ಇತ್ತು. ಅದನ್ನು ಸರಿಮಾಡಿದರೆ ಉತ್ತರ ಬರುವುದಿಲ್ಲವೆಂಬ ಹುಚ್ಚು ಭಯ.

ಉತ್ತರ ಅಕ್ಟೋಬರಿನಲ್ಲಿ ಬಂತು. ಒಂದೇ ಹಾಳೆ.

"ಕ್ಯಾಪ್ಟನ್, ನಿನ್ನ ಕಾಗದಗಳು ಮೂರು ಹಡಗು ಸುತ್ತಿ, ಎಲ್ಲ ಒಟ್ಟಿಗೆ ಆಗಸ್ಟಿನಲ್ಲಿ ನನಗೆ ಸಿಕ್ಕವು. ಒಂಬತ್ತನ್ನೂ ಒಂದೇ ಸಲ ಓದಿದೆ. ನನಗೆ ಮೇ ತಿಂಗಳಲ್ಲಿ ಮದುವೆಯಾಯಿತು. ನಮ್ಮೂರಿನ ಹುಡುಗಿ, ಒಳ್ಳೆಯವಳು, ಅವಳಿಗೆ ಅನ್ಯಾಯ ಮಾಡಲಾರೆ. ಅಂದು ನಿನ್ನ ದೋಣಿ ನೋಡಿ ನೀನು ಇಲ್ಲ ಅಂದೆ ಎಂದುಕೊಂಡೆ. ನೀನು ಹೂಂ ಎನ್ನುತ್ತಿದ್ದೆ ಎಂದು ಈಗ ಗೊತ್ತಾಯಿತು. ಗೊತ್ತಾದದ್ದು ಒಳ್ಳೆಯದೋ ಕೆಟ್ಟದ್ದೋ ತಿಳಿಯದು. ಒಂದು ಮಾತು ನಡೆಸಿಕೊಡು. ನಿನ್ನಪ್ಪನ ಗಡಿಯಾರವನ್ನು ನಿಮ್ಮೂರಿನ ಗಂಟೆಗೆ ತಂದುಬಿಡು."

ಮರುದಿನ ಮಧ್ಯಾಹ್ನ ದೋಣಿಗೆ ಹೋದೆ. ಧಕ್ಕೆಯಲ್ಲಿ ಯಾರೂ ಇರಲಿಲ್ಲ, ಅಂಗಡಿಗಳಿಗೆಲ್ಲ ಹಲಗೆ ಬಡಿದಿದ್ದರು. ಗಡಿಯಾರದ ಗಾಜು ತೆರೆದೆ. ಅದರಲ್ಲಿ ಐದು ಹೊಡೆದು ಮುಗಿಯುವವರೆಗೆ ಕಾದು, ಅವನ ಲಕೋಟೆಯ ಅಂಚಿನಿಂದ ಒಂದು ಚೂರು ಹರಿದು, ಒಳಗಿನ ಸಣ್ಣ ಚಕ್ರಕ್ಕೆ ಅಡ್ಡ ಇಟ್ಟೆ. ಟಿಕ್ ಟಿಕ್ ನಿಂತಿತು.

ಒಳಗೆ ಕೂರಲು ಮನಸ್ಸಾಗಲಿಲ್ಲ. ಹೊರಗೆ ಬಂದು, ಅವನು ಕೂರುತ್ತಿದ್ದ ಹಲಗೆಯ ಮೇಲೆ, ಮಳೆಯಲ್ಲಿ, ಕೊಡೆಯಿಲ್ಲದೆ ಕೂತೆ. ಅತ್ತೆ ಕಿಟಕಿ ತೆರೆದು, "ಒಳಗೆ ಬಾರೇ, ಬಿಸಿ ಏನಾದ್ರೂ ಕುಡಿ," ಎಂದು ಕೂಗಿದಳು.

"ಸ್ವಲ್ಪ ಹೊತ್ತು ಅತ್ತೆ. ಕಾಯ್ತಿದ್ದೀನಿ."

ಅತ್ತೆ ಕಿಟಕಿ ಮುಚ್ಚಿಕೊಂಡಳು. ಒಂದು ಗಂಟೆ ಪೂರ್ತಿ ಕಾದೆ. ಚರ್ಚಿನ ಗಡಿಯಾರ ಐದು ಹೊಡೆದಾಗ ಎದ್ದು ಒಳಗೆ ಹೋಗಿ ಕಾಗದ ತೆಗೆದೆ.