ಸೇತುವೆ ಬಿದ್ದ ಹೊತ್ತಿನ ನಗು

"ಕೂತ್ಕೊಳ್ಳಿ. ಮೈಕ್ ಸ್ವಲ್ಪ ಕೆಳಗಿಳಿಸ್ಕೊಳ್ಳಿ. ನೀರು ಪಕ್ಕದಲ್ಲೇ ಇದೆ."

ಹೆಡ್‌ಫೋನಿನೊಳಗೆ ಆ ದನಿ ಬಂದದ್ದೇ ತಡ, ಹಾಳೆ ತಿರುವುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಕತ್ತೆತ್ತಿ ಗಾಜಿನ ಆಚೆ ನೋಡಿದಳು. ಅವನೇ. ಕಿವಿಯ ಹತ್ತಿರ ಕೂದಲು ಒಂದಿಷ್ಟು ಬೆಳ್ಳಗಾಗಿದೆ, ಅಷ್ಟೇ.

ದನಿಯೂ ಅದೇ. ಆದರೆ ಆ 'ಕೂತ್ಕೊಳ್ಳಿ' ಮಾತ್ರ ಅವಳ ಎದೆಗೆ ಮುಳ್ಳಿನ ಹಾಗೆ ಚುಚ್ಚಿತು. ಈ ಮನುಷ್ಯ 'ನೀವು' ಬಿಟ್ಟು 'ನೀನು' ಅನ್ನುವುದಕ್ಕೆ ಒಂದು ಇಡೀ ವರ್ಷ ತೆಗೆದುಕೊಂಡಿದ್ದ. ಮತ್ತೆ 'ನೀವು'ಗೆ ಹತ್ತಿ ಕೂರಲು ಎಷ್ಟು ದಿನ ಬೇಕಾಯಿತೋ, ಅವಳಿಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ಅವಳು ಅವನ ಹತ್ತಿರ ಇರಲಿಲ್ಲ.

"ಈ ಕೆಲಸಕ್ಕೆ ನನ್ನ ಹೆಸರು ಹೇಳಿದ್ದು ನೀವೇನಾ?" ಎಂದಳು.

"ಹೌದು."

"ಬೇರೆ ಯಾರೂ ಸಿಗಲಿಲ್ವಾ?"

"ಸಿಕ್ಕಿದ್ರು. ಎಲ್ಲರೂ ಅಳೋ ಹಾಗೆ ಓದಿದ್ರು. ಕೇಳೋರನ್ನ ಅಳೋಕೆ ಬಿಡೋ ದನಿ ಬೇಕಿತ್ತು."

ರೇಡಿಯೋದವರ ಕಾರ್ಯಕ್ರಮ ಅದು. ಸೇತುವೆ ಬಿದ್ದು ಆರು ವರ್ಷವಾಗುವ ದಿನ ಬೆಳಿಗ್ಗೆ ಪ್ರಸಾರ. 'ಅವತ್ತು ನೀವೆಲ್ಲಿದ್ದಿರಿ?' ಎಂದು ಊರೂರು ಸುತ್ತಿ ಜನರನ್ನು ಕೇಳಿ ದಾಖಲಿಸಿಕೊಂಡಿದ್ದರು. ಒಬ್ಬರ ಮಾತಿನಿಂದ ಇನ್ನೊಬ್ಬರ ಮಾತಿಗೆ ದಾಟಿಸುವ ನಾಲ್ಕು ನಾಲ್ಕು ಸಾಲು ಅವಳು ಓದಬೇಕು. ರೆಕಾರ್ಡಿಂಗ್ ಮಾಡುವವನು ಇವನೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವಳು ಬರುತ್ತಿರಲಿಲ್ಲ. ಬಂದೂಬಿಡುತ್ತಿದ್ದಳೋ ಏನೋ.

ಆ ದಿನ ಎಲ್ಲಿದ್ದಿರಿ ಎಂದು ಕೇಳದ ಜನವೇ ದೇಶದಲ್ಲಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರೂ, ದಂತವೈದ್ಯರ ಕೋಣೆಯ ಮುಂದೆ ಕಾಯುವವರೂ, ಮಾತು ಎರಡು ಮಾರು ಮುಂದೆ ಹೋಯಿತೆಂದರೆ ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ತುಂಬಿದ ರೈಲೊಂದು ಹಾಡಹಗಲೇ ಸೇತುವೆಯ ಸಮೇತ ನದಿಗೆ ಬಿದ್ದ ದಿನವನ್ನು ಯಾರು ತಾನೇ ಮರೆತಾರು? ಅವಳ ಬಳಿ ಒಂದು ಉತ್ತರ ಸಿದ್ಧವಿತ್ತು. "ಕೆಲಸದಲ್ಲಿದ್ದೆ." ಅಷ್ಟು ಹೇಳಿ ಕಿಟಕಿಯಾಚೆ ನೋಡುತ್ತಿದ್ದಳು. ಸುಳ್ಳಂತೂ ಅಲ್ಲ.

ಅವಳು ಆಗ ಮಕ್ಕಳ ಕಾರ್ಟೂನುಗಳಿಗೆ ದನಿ ಕೊಡುತ್ತಿದ್ದಳು. ಮೊಲ, ಮೋಡ, ತುಂಟ ಬಸ್ಸು, ಎಲ್ಲಕ್ಕೂ ಅವಳೇ. ಅವನು ಗಾಜಿನ ಆಚೆ ಕೂತು ದನಿ ಹಿಡಿಯುವವನು. ಎಷ್ಟೇ ಚೆನ್ನಾಗಿ ಬಂದರೂ ಗುಂಡಿ ಒತ್ತಿ "ಒನ್ ಮೋರ್" ಅನ್ನುವುದು ಅವನ ಚಾಳಿ. ಮನೆಗೆ ಬಂದು ಫೋನಿನಲ್ಲಿ ಅವಳು ತಂಗಿಯ ಹತ್ತಿರ ಬೈದುಕೊಂಡಳು, ಆಮೇಲೆ ನಕ್ಕು ಹೇಳಿಕೊಂಡಳು, ಆಮೇಲೆ ಬೇರೆ ಮಾತೇ ಇಲ್ಲವಾಯಿತು. ತಂಗಿ ಅವನಿಗೆ 'ಒನ್ ಮೋರ್ ಭಾವ' ಎಂದು ಹೆಸರಿಟ್ಟಳು.

ತಂಗಿಯನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಬೇರೆ ಊರಿನಲ್ಲಿ, ಅಮ್ಮನ ಜೊತೆಗಿದ್ದು ಓದುತ್ತಿದ್ದಳು. ಬಾಯಿ ಬಿಟ್ಟರೆ ಬೊಂಬಾಯಿ.

"ನೋಡಕ್ಕಾ, ಹೀಗೆ ಬಾಯಲ್ಲಿ ಹೇಳಿದ್ರೆ ನಂಬಲ್ಲ ನಾನು. ಬಂದು ಕಣ್ಣಾರೆ ನೋಡ್ತೀನಿ. ನಾನು ಪಾಸ್ ಮಾಡಿದ್ರೆ ಮಾತ್ರ ಮದುವೆ. ಇಲ್ಲಾಂದ್ರೆ ಅವರಿಗೇ ಒನ್ ಮೋರ್."

"ಅಮ್ಮನ ಹತ್ರ ಉಸಿರೆತ್ತಬೇಡ ಈಗಲೇ."

"ಬಟ್ಟೆ ತಗೊಳ್ಳೋಕೆ ಅಕ್ಕನ ಹತ್ರ ಹೋಗ್ತೀನಿ ಅಂತೀನಿ ಬಿಡು."

ಹಾಗೆ ಗುಬ್ಬಿ ರೈಲು ಹತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬಂದಿಳಿಯಬೇಕಿತ್ತು. ಬೆಳಗಿನ ರೆಕಾರ್ಡಿಂಗ್ ಮುಗಿಸಿ ಇಬ್ಬರೂ ಒಟ್ಟಿಗೆ ಸ್ಟೇಷನ್ನಿಗೆ ಹೋಗುವುದೆಂದು ಮಾತಾಗಿತ್ತು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಒಳಗೆ ಬಂದವನೇ ಮೂರು ಸಲ ಕಾಲರ್ ಮುಟ್ಟಿ ನೋಡಿಕೊಂಡ.

"ಪರೀಕ್ಷೆಗೆ ಹೋಗೋ ಹುಡುಗನ ಹಾಗಿದೀರಲ್ಲ," ಎಂದು ಅವಳು ಛೇಡಿಸಿದಳು.

"ಪೇಪರ್ ಕಷ್ಟ ಇರುತ್ತಾ?"

"ತುಂಬಾ."

ಫೋನುಗಳನ್ನು ಎಂದಿನಂತೆ ಹೊರಗಿನ ಟ್ರೇಯಲ್ಲಿಟ್ಟು ಒಳಗೆ ಹೋದರು. ದಪ್ಪ ಬಾಗಿಲು ಮುಚ್ಚಿತು. ಆ ಬಾಗಿಲು ಮುಚ್ಚಿದರೆ ಆಚೆ ಸಿಡಿಲು ಬಡಿದರೂ ಒಳಗೆ ಕೇಳುವುದಿಲ್ಲ.

ಅವತ್ತು ಅವಳು ಮುನಿಸಿಕೊಂಡ ಬಾತುಕೋಳಿ. ಗೆಳೆಯ ಕಪ್ಪೆಯ ಮೇಲೆ ಕೋಪ. "ನಾನು ನಿನ್ನ ಹತ್ರ ಮಾತಾಡಲ್ಲ, ಹೋಗು!" ಇಷ್ಟೇ ಸಾಲು. ಸಾಲು ಮುಗಿದರೂ ಪರದೆಯ ಮೇಲೆ ಬಾತುಕೋಳಿಯ ಕೊಕ್ಕು ಇನ್ನೂ ಪಟಪಟ ಬಡಿಯುತ್ತಲೇ ಇತ್ತು.

"ಕೊಕ್ಕು ಖಾಲಿ ಅಲ್ಲಾಡ್ತಿದೆ. ಏನಾದ್ರೂ ಸೇರಿಸಿ," ಎಂದ ಅವನು.

"ಮಾತಾಡಲ್ಲ, ಹೋಗು, ಹೋಗು, ಹೋಗು!"

"ಇನ್ನೂ ಉಳಿದಿದೆ."

"ಈ ಬಾತುಕೋಳಿಗೆ ಇಷ್ಟು ಮಾತಾಡೋದಿದ್ರೆ ಮಾತಾಡಲ್ಲ ಅಂತ ಯಾಕೆ ಹೇಳುತ್ತೆ?"

ಗಾಜಿನ ಆಚೆ ನೋಡಿದರೆ, ಅವನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ. ಒಮ್ಮೆ ಕಣ್ಣು ತಗ್ಗಿಸಿದ. ಮತ್ತೆ ಎತ್ತಿದ.

"ಹೋಗು ಆದ್ಮೇಲೆ, 'ನನ್ನನ್ನ ಮದುವೆ ಆಗ್ತೀಯಾ' ಅಂತ ಸೇರಿಸು. ಸರಿಯಾಗಿ ಕೂರುತ್ತೆ."

ಅವಳ ಕಿವಿಗೆ ಮೊದಲು ಬಿದ್ದದ್ದು ಆ 'ಸೇರಿಸು'. ಸೇರಿಸಿ ಅಲ್ಲ, ಸೇರಿಸು. ಕೆನ್ನೆ ಬಿಸಿಯಾಯಿತು. ಉಳಿದ ಮಾತು ಆಮೇಲೆ ನಿಧಾನವಾಗಿ ಇಳಿಯಿತು.

"ಇದು ಕಪ್ಪೆಯ ಪ್ರಶ್ನೆಯಾ, ನಿಮ್ಮದಾ?"

"ಕಪ್ಪೆಗೆ ಧೈರ್ಯ ಸಾಲದು."

ಅವಳು ಉತ್ತರವನ್ನು ಬಾತುಕೋಳಿಯ ದನಿಯಲ್ಲೇ ಕೊಟ್ಟಳು. ಎಂಥ ದನಿ ಅದು! ಅವನು ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದ. ಅವಳೂ ನಕ್ಕಳು. ನಗು ನಿಲ್ಲಿಸಿ ಸಾಲು ಹೇಳಹೋದರೆ ಮೊದಲ ಅಕ್ಷರಕ್ಕೇ ಮತ್ತೆ ನಗು ಒತ್ತರಿಸಿ ಬರುತ್ತಿತ್ತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಬದುಕಿನಲ್ಲಿ ಅಷ್ಟು ನಕ್ಕದ್ದು ಅವಳಿಗೆ ಹಿಂದೆಯೂ ನೆನಪಿಲ್ಲ, ಮುಂದೆಯೂ ಆಗಲಿಲ್ಲ.

ಬಾಗಿಲು ತೆರೆದಾಗ ಹೊರಗೆ ಮೌನ. ಸ್ಟುಡಿಯೋದ ಜನವೆಲ್ಲ ಟಿವಿಯ ಮುಂದೆ ನಿಂತಿದ್ದರು. ಸ್ವಾಗತದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಇವರಿಬ್ಬರ ಮುಖದ ಮೇಲೆ ಇನ್ನೂ ನಗು ಇತ್ತು. ಎಲ್ಲರೂ ತಿರುಗಿ ಆ ನಗುವನ್ನು ನೋಡಿದರು. ಪರದೆಯ ಮೇಲೆ ಮುರಿದ ಸೇತುವೆ, ಅದರಿಂದ ಜೋತುಬಿದ್ದ ಒಂದು ಬೋಗಿ, ಕೆಳಗೆ ಕೆಂಪು ನೀರು. ರೈಲು ಯಾವುದೆಂದು ಬರೆದು ಬರುತ್ತಿತ್ತು. ಟ್ರೇಯಲ್ಲಿ ಅವಳ ಫೋನು ಒಂದೇ ಸಮನೆ ನಡುಗುತ್ತಿತ್ತು. ಅಮ್ಮ.

ನದಿಯ ದಡಕ್ಕೆ ಅವನೂ ಬಂದ. ಅವಳು ಕೂತಲ್ಲಿ ಕೂತ, ನಿಂತಲ್ಲಿ ನಿಂತ. ನೀರಿನ ಬಾಟಲಿಯ ಮುಚ್ಚಳ ತೆಗೆದು ಕೈಗಿಟ್ಟ. ಗುಬ್ಬಿ ಸಿಕ್ಕಿದ ದಿನ, ಗುರುತು ಹಿಡಿಯಲು ಒಳಗೆ ಹೋಗುವಾಗ, "ನಾನೂ ಬರಲಾ?" ಎಂದ, ಮೆತ್ತಗೆ. ಅವನು ಯಾರೆಂದು ಕೇಳುವ ಸ್ಥಿತಿಯಲ್ಲಿ ಅಮ್ಮ ಇರಲಿಲ್ಲ. ಆ ದಡದಲ್ಲಿ ಯಾರು ಯಾರ ಪಕ್ಕ ನಿಂತಿದ್ದರೋ ಯಾರಿಗೂ ಗೊತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಅವಳು ಅವನನ್ನು ರಸ್ತೆಯ ತಿರುವಿನ ತನಕ ಕರೆದುಕೊಂಡು ಹೋದಳು.

"ನಿಮ್ಮ ದನಿ ಕೇಳಿದ್ರೆ ನಂಗೆ ಆ ನಗು ಕೇಳಿಸುತ್ತೆ. ಅವಳು ಮುಳುಗ್ತಿದ್ಲು, ನಾನು ಬಾತುಕೋಳಿ ಥರ ಕೂಗ್ತಿದ್ದೆ. ಇನ್ಮೇಲೆ ಬರಬೇಡಿ. ಫೋನೂ ಮಾಡಬೇಡಿ."

"ಸ್ವಲ್ಪ ದಿನ ಬಿಟ್ಟು..."

"ಅವಳು ಬರ್ತಿದ್ದದ್ದು ನಿಮ್ಮನ್ನ ನೋಡೋಕೆ."

ಅವನು ತಿರುವು ದಾಟಿ ನಡೆದುಹೋದ. ಹೇಳಿದ ಹಾಗೆ ಕೇಳಿದ. ಅವಳು ಅಮ್ಮನನ್ನು ತನ್ನ ಹತ್ತಿರ ಕರೆಸಿಕೊಂಡಳು. ಕಾರ್ಟೂನು ಬಿಟ್ಟಳು. ಬಸ್ಸು, ಆಸ್ಪತ್ರೆ, ಲಿಫ್ಟುಗಳಿಗೆ ದನಿ ಕೊಡುವ ಕೆಲಸ ಹಿಡಿದಳು. ಅಲ್ಲಿ ನಗುವ ಪ್ರಮೇಯವಿರಲಿಲ್ಲ.

ಈಗ ಹೆಡ್‌ಫೋನಿನಲ್ಲಿ ಒಬ್ಬೊಬ್ಬರೇ ಮಾತಾಡುತ್ತಿದ್ದರು. ಒಬ್ಬ ಕ್ಷೌರಿಕ, ಗಿರಾಕಿಯ ಅರ್ಧ ಗಡ್ಡ ಹೆರೆದು ಕತ್ತಿ ಕೆಳಗಿಟ್ಟನಂತೆ, ಗಿರಾಕಿ ಹಾಗೇ ಎದ್ದು ಹೋದನಂತೆ. ಒಬ್ಬ ಮೇಷ್ಟ್ರು ಮಕ್ಕಳಿಗೆ ಹೇಗೆ ಹೇಳುವುದೆಂದು ತಿಳಿಯದೆ ಬೋರ್ಡನ್ನು ಒರೆಸುತ್ತಲೇ ನಿಂತರಂತೆ. ಒಬ್ಬ ಹೆಂಗಸು ಹೆರಿಗೆ ವಾರ್ಡಿನಲ್ಲಿದ್ದಳು. "ಮಗು ಹುಟ್ತು ಅಂತ ಸಿಹಿ ಹಂಚೋಕೂ ನಾಚಿಕೆ ಆಯ್ತು," ಎಂದಳು. ಗಾಜಿನ ಈಚೆ ಕೂತು ಅವಳು ನಡುನಡುವೆ ತನ್ನ ಸಾಲು ಓದಿದಳು. ದನಿ ಎಲ್ಲೂ ನಡುಗಲಿಲ್ಲ. ಅವನು ಒಂದು ಸಲವೂ ಇನ್ನೊಮ್ಮೆ ಓದಿ ಎನ್ನಲಿಲ್ಲ.

ಕೊನೆಯ ಹಾಳೆ ಮುಗಿಯಿತು. ಅವಳು ಹೆಡ್‌ಫೋನ್ ತೆಗೆಯಲು ಕೈಯೆತ್ತಿದಳು.

"ಒಂದು ನಿಮಿಷ," ಎಂದ. "ಬೇರೆಯವರಿಂದ ನಿಮ್ಮ ಕಿವಿಗೆ ಬೀಳೋದು ಬೇಡ ಅಂತ ನಾನೇ ಹೇಳ್ತಿದೀನಿ. ಮುಂದಿನ ತಿಂಗಳು ನನ್ನ ಮದುವೆ."

ಎತ್ತಿದ ಕೈ ಹಾಗೇ ಕಿವಿಯ ಮೇಲೆ ಉಳಿಯಿತು.

"ಒಳ್ಳೇದಾಯ್ತು," ಎಂದಳು. ಲಿಫ್ಟಿನ ದನಿ.

"ಆ ದನಿ ಬೇಡ. ನಮ್ಮ ಆಫೀಸಿನ ಲಿಫ್ಟಲ್ಲಿ ದಿನಾ ಕೇಳ್ತೀನಿ ಅದನ್ನ. 'ಬಾಗಿಲು ಮುಚ್ಚುತ್ತಿದೆ.' ಐದು ವರ್ಷದಿಂದ ದಿನಾ ಬೆಳಿಗ್ಗೆ ನೀನೇ ಬಾಗಿಲು ಮುಚ್ತೀಯ, ನಾನು ಒಳಗೆ ನಿಂತಿರ್ತೀನಿ."

ನೀನೇ ಎಂದ. ಅಂದದ್ದು ಅವನಿಗೇ ತಿಳಿಯಲಿಲ್ಲವೇನೋ.

ಅವಳು ಮೈಕಿನ ಕಡೆ ನೋಡಿದಳು. ಕೆಂಪು ದೀಪ ಉರಿಯುತ್ತಿತ್ತು, ರೆಕಾರ್ಡಿಂಗ್ ಇನ್ನೂ ನಿಂತಿರಲಿಲ್ಲ. ನಂದಿಸು ಎನ್ನಬಹುದಿತ್ತು. ಎನ್ನಲಿಲ್ಲ.

"ಸೇತುವೆ ಬಿದ್ದಾಗ ನಾನು ನಗ್ತಾ ಇದ್ದೆ," ಎಂದಳು. "ಯಾರಿಗೂ ಹೇಳಿಲ್ಲ. ನಾನು ಇಷ್ಟಪಟ್ಟೋನು ಮದುವೆ ಆಗ್ತೀಯಾ ಅಂತ ಕೇಳಿದ್ದ, ನಾನು ಹೂಂ ಅಂದಿದ್ದೆ. ಅವನನ್ನ ನೋಡೋಕೆ ನನ್ನ ತಂಗಿ ಆ ರೈಲಲ್ಲಿ ಬರ್ತಿದ್ಲು. ದೇಶದಲ್ಲಿ ಎಲ್ಲರೂ ಅಳ್ತಿದ್ದಾಗ ನಾವಿಬ್ಬರೇ ನಗ್ತಿದ್ವಿ. ಅಷ್ಟು ಸಂತೋಷ ನಂಗೆ ಮತ್ತೆ ಸಿಕ್ಕಿಲ್ಲ. ಅದನ್ನ ನೆನೆಸ್ಕೊಳ್ಳೋಕೆ ಹೋದ್ರೆ ತಂಗಿ ನೆನಪಾಗ್ತಾಳೆ. ತಂಗೀನ ನೆನೆಸ್ಕೊಂಡ್ರೆ ಅವನು. ಒಬ್ಬರನ್ನ ಬಿಟ್ಟು ಒಬ್ಬರು ಬರೋದೇ ಇಲ್ಲ. ಅದಕ್ಕೆ ಇಬ್ಬರನ್ನೂ ಆಚೆ ಕಳಿಸ್ದೆ." ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದಳು. "ಹೋಗು ಅಂತ ನಾನೇ ಅಂದೆ. ಒಂದು ದಿನವೂ ಅವನು ಹೋಗ್ಲಿ ಅಂತ ನಂಗೆ ಮನಸ್ಸಿರಲಿಲ್ಲ."

ಗಾಜಿನ ಆಚೆ ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಆಮೇಲೆ ಎದ್ದ. ಆ ದಪ್ಪ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಗೆ ಬಂದ. ಇಷ್ಟು ಹತ್ತಿರದಿಂದ ನೋಡಿದರೆ ಕಣ್ಣ ಕೆಳಗೆ ಗೆರೆಗಳಿದ್ದವು, ಅವಳು ಕಾಣದೆ ಬಂದ ಗೆರೆಗಳು.

"ಈಗ ಹೇಳು. ಮದುವೆ ನಿಲ್ಲಿಸಿಬಿಡ್ಲಾ?" ಎಂದ.

ಹೂಂ ಎಂಬುದು ಅವಳ ನಾಲಗೆಯ ತುದಿಯಲ್ಲೇ ಇತ್ತು.

"ಅವಳು ಒಳ್ಳೆಯವಳಾ?"

"ತುಂಬ."

"ನಗ್ತಾಳಾ?"

"ಹೂಂ. ಏನು ಹೇಳಿದ್ರೂ ನಗ್ತಾಳೆ."

"ಅವಳು ಈಗೆಲ್ಲೋ ಕೂತು ನಿನ್ನ ಫೋನಿಗೆ ಕಾಯ್ತಿರ್ತಾಳೆ," ಎಂದಳು. "ಒಬ್ಬಳನ್ನ ಅಳಿಸಿ ನಾನು ಹೇಗೆ ನಗ್ಲಿ? ಅದು ನನ್ನ ಕೈಲಾಗಲ್ಲ ಅಂತ ನಿಂಗೇ ಚೆನ್ನಾಗಿ ಗೊತ್ತು."

ಅವನು ಅವಳ ಕೈ ಹಿಡಿದುಕೊಂಡ. ಬಿಡುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಕೊನೆಗೆ ಅವಳೇ ಮೆಲ್ಲಗೆ ಬಿಡಿಸಿಕೊಂಡಳು.

"ಹೋಗು," ಎಂದಳು. ಈ ಸಲ ಸಿಟ್ಟಿರಲಿಲ್ಲ.

"ಈಗ ಹೇಳಿದ್ದನ್ನ ಅಳಿಸಿಬಿಡ್ಲಾ?"

"ಇರ್ಲಿ. ಎಲ್ಲರದ್ದರ ಜೊತೆ ಅದನ್ನೂ ಹಾಕು. ಹೆಸರು ಬೇಡ."

ಪ್ರಸಾರದ ದಿನ ಬೆಳಿಗ್ಗೆ ಅಮ್ಮ ಒಣಗಿದ ಬಟ್ಟೆ ಮಡಿಸುತ್ತಾ ರೇಡಿಯೋ ಹಾಕಿಕೊಂಡಿದ್ದರು. ಅವಳು ಬೇಕೆಂದೇ ಅಡಿಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ತೊಳೆದ ಲೋಟವನ್ನೇ ತೊಳೆಯುತ್ತಿದ್ದಳು. ತನ್ನ ಮಾತು ಮುಗಿದದ್ದು ಗೊತ್ತಾಯಿತು, ಯಾಕೆಂದರೆ ಅಮ್ಮ ರೇಡಿಯೋ ಆರಿಸಿದರು.

"ಬಾ ಇಲ್ಲಿ."

ಅವಳು ಒದ್ದೆ ಕೈಯಲ್ಲೇ ಬಂದು ನಿಂತಳು. "ಅಮ್ಮಾ, ನಿಂಗೆ ಮೊದಲೇ ಹೇಳಬೇಕಿತ್ತು..."

"ನಂಗೆ ಗೊತ್ತಿತ್ತು ಕಣೇ. ಗುಬ್ಬಿ ಹೊಟ್ಟೇಲಿ ಮಾತು ಯಾವತ್ತು ನಿಂತಿತ್ತು? ಹೊರಡೋ ಹಿಂದಿನ ದಿನವೇ ಎಲ್ಲ ಒದರಿದ್ಲು. ಅಕ್ಕನಿಗೆ ಹೇಳಬೇಡ ಅಂತ ಆಣೆ ಬೇರೆ ಹಾಕಿಸ್ಕೊಂಡ್ಲು."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?"

"ನೀನಾಗೇ ಹೇಳ್ತೀಯ ಅಂತ ಕಾದೆ. ಕೇಳಿದ್ರೆ ಎಲ್ಲಿ ಒಡೆದು ಹೋಗ್ತೀಯೋ ಅಂತ ಭಯ."

"ನನ್ನ ಮೇಲೆ ಸಿಟ್ಟಿಲ್ವಾ?"

"ಸೇತುವೆ ಕಟ್ಟಿದವರ ಮೇಲಿದೆ, ಸಾಯೋ ತನಕ ಇರುತ್ತೆ. ನಿನ್ನ ಮೇಲೆ ಯಾಕೆ? ಅವಳು ಕುಣೀತಾ ಮನೆ ಬಿಟ್ಟು ಹೋದ್ಲು. ಖುಷಿಯಾಗಿ ಹೋದ್ಲು ಅನ್ನೋ ಒಂದನ್ನೇ ಹಿಡ್ಕೊಂಡು ನಾನು ಬದುಕಿದೀನಿ." ಅಮ್ಮ ಸೆರಗಿನಿಂದ ಮಗಳ ಕೈ ಒರೆಸಿದರು. "ಕರ್ಕೊಂಡು ಬಾ ಅವನನ್ನ."

"ಮುಂದಿನ ತಿಂಗಳು ಅವನ ಮದುವೆ, ಅಮ್ಮಾ."

ಅಮ್ಮನ ಕೈ ನಿಂತಿತು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಆರು ವರ್ಷದಲ್ಲಿ ಮೊದಲ ಸಲ ಅವಳು ದನಿ ತೆಗೆದು ಅತ್ತಳು. ಅಮ್ಮ ತಡೆಯಲಿಲ್ಲ.

ಅಳು ತಗ್ಗಿದ ಮೇಲೆ ಅಮ್ಮ ಕೇಳಿದರು, "ಹೇಗಿದಾನೆ ಅವನು ನೋಡೋಕೆ? ಆ ದಡದಲ್ಲಿ ಯಾರ ಮುಖವೂ ನಂಗೆ ಕಾಣಿಸಲಿಲ್ಲ. ನೋಡ್ಕೊಂಡು ಬಂದು ಹೇಳ್ತೀನಿ ಅಂದಿದ್ಲು ಗುಬ್ಬಿ. ನಾನಿನ್ನೂ ಕಾಯ್ತಾನೇ ಇದೀನಿ. ನೀನಾದ್ರೂ ಹೇಳು."

ಅವಳು ಕಣ್ಣೊರೆಸಿಕೊಂಡಳು. ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ.

"ಎತ್ತರ ಅಮ್ಮಾ," ಎಂದಳು. "ತುಂಬಾ ಎತ್ತರ. ಆದ್ರೆ ಬಗ್ಗಿ ಮಾತಾಡ್ತಾನೆ, ಎದುರಿಗಿರೋರಿಗೆ ಕತ್ತು ನೋಯಬಾರದು ಅಂತ."

"ಆಮೇಲೆ?" ಎಂದರು ಅಮ್ಮ.