ತಪ್ಪು ಬೆಲೆ ಹೇಳುವವನು

ಜಗತ್ತಿನ ಯಾವ ಬಾಂಡಿನ ಹೆಸರು ಹೇಳಿದರೂ ಬೆಲೆಗನ್ನಡಿ ಎಂಬ ಯಂತ್ರದ ಪರದೆಯ ಮೇಲೆ ಅದರ ಸರಿಯಾದ ಬೆಲೆ ಕಣ್ಣು ಮಿಟುಕಿಸುವುದರೊಳಗೆ ಮೂಡುತ್ತಿತ್ತು. ಟೋಕಿಯೋದಿಂದ ನ್ಯೂಯಾರ್ಕಿನವರೆಗೆ ಎಲ್ಲ ಪೇಟೆಗಳೂ ಆ ಯಂತ್ರವನ್ನು ಮುಗಿಬಿದ್ದು ಕೊಂಡವು. ಅಲ್ಲಿಗೆ ವ್ಯಾಪಾರವೇ ನಿಂತುಹೋಯಿತು. ಬೆಲೆ ಏರುತ್ತದೆಂದು ಒಬ್ಬ, ಇಳಿಯುತ್ತದೆಂದು ಇನ್ನೊಬ್ಬ ನಂಬಿದರೆ ತಾನೇ ಕೊಡು-ಕೊಳ್ಳು? ಎಲ್ಲರೂ ಪಲ್ಲಕ್ಕಿಯಲ್ಲಿ ಕುಳಿತರೆ ಹೊರುವವರು ಯಾರು? ಬೇಕೆಂದಾಗ ಮಾರಲಾಗದ ಬಾಂಡನ್ನು ಹೊಸದಾಗಿ ಕೊಳ್ಳುವವರೂ ಇಲ್ಲವಾಗಿ, ಬಾಂಡು ಮಾರಿ ಬರುವ ಸಾಲದ ಹಣವನ್ನು ನಂಬಿದ್ದ ರೈಲುಮಾರ್ಗಗಳು, ಬಂದರುಗಳು ಅರ್ಧಕ್ಕೇ ನಿಂತವು.

ಮುಂಬೈಯ ಫೋರ್ಟ್ ಪೇಟೆಯಲ್ಲಿದ್ದ ಮುದಿ ದಲ್ಲಾಳಿ ಮೋನಪ್ಪ ಗಟ್ಟಿ ಮತ್ತು ಸಿಂಗಾಪುರದ ದಲ್ಲಾಳಿ ಚುವಾ ಮಾತ್ರ ಕನ್ನಡಿ ಕೊಳ್ಳದೆ ಫೋನಿನಲ್ಲೇ ವ್ಯಾಪಾರ ಮಾಡುತ್ತಿದ್ದರು. ಜಗತ್ತಿಗೆ ಉಳಿದಿದ್ದ ಪೇಟೆ ಅದೊಂದೇ. ಅದನ್ನು ನೋಡಲು ಕನ್ನಡಿಯನ್ನು ಕಂಡುಹಿಡಿದ ಡಾ. ಇಂದುಮತಿ ಕಾಖಂಡಕಿ ಸ್ವತಃ ಗಟ್ಟಿಯವರ ಕಚೇರಿಗೆ ಬಂದರು.

"ಗಟ್ಟಿಯವರ, ನೀವಿಬ್ಬರೂ ದಿನಾ ತಪ್ಪು ಬೆಲೆಗೇ ವ್ಯಾಪಾರ ಮಾಡ್ತೀರಿ. ಯಾಕ್ರೀ?"

"ಸರಿ ಬೆಲೆ ಹೇಳಿದ್ರೆ ಮಾತು ಅಲ್ಲಿಗೇ ಮುಗೀತಲ್ಲ ಡಾಕ್ಟ್ರೆ. ಅವ ಕಮ್ಮಿಗೆ ಕೇಳ್ತಾನೆ, ನಾನು ಬೈತೇನೆ. ನನ್ನ ಮಂಡಿನೋವು ಹೇಗುಂಟು ಅಂತ ವಿಚಾರಿಸ್ತಾ ಪುನಃ ಕಮ್ಮಿ ಮಾಡ್ತಾನೆ. ದೊಡ್ಡ ಕಳ್ಳ."

ಹೆಂಡತಿ ತೀರಿಕೊಂಡ ಮೇಲೆ ಗಟ್ಟಿಯವರನ್ನು ಹೆಸರು ಹಿಡಿದು ಕರೆಯುತ್ತಿದ್ದ ದನಿ ಅವನದೊಂದೇ. ಚುವಾನ ಮುಖವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಕೆಲವು ದಿನಗಳಿಂದ ಫೋನು ಬಂದಿರಲಿಲ್ಲ. ಗಟ್ಟಿಯವರಿಗೆ ಊಟ ರುಚಿಸುತ್ತಿರಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗಟ್ಟಿ ಹಾರಿ ಎತ್ತಿಕೊಂಡರು. "ಎಲ್ಲಿ ಸತ್ತಿದ್ದೆ ಮಾರಾಯ ಇಷ್ಟು ದಿನ?"

"ತೊಂಬತ್ತೇಳು ರೂಪಾಯಿ ನಲವತ್ತೆರಡು ಪೈಸೆ," ಎಂದಿತು ಒಂದು ನಯವಾದ ದನಿ. ಗಟ್ಟಿಯವರು ಮಾರಲು ಇಟ್ಟುಕೊಂಡಿದ್ದ ಬಾಂಡಿಗೆ ಇಂದುಮತಿಯವರ ಕೈಯಲ್ಲಿದ್ದ ಕನ್ನಡಿಯೂ ಅದೇ ಬೆಲೆ ತೋರಿಸುತ್ತಿತ್ತು.

"ಚುವಾ ಎಲ್ಲಿ?"

"ಅವರು ಹೋದ ವಾರ ನಿಧನರಾದರು. ಅವರ ಸ್ಥಾನದಲ್ಲಿ ಈಗ ಬೆಲೆಗನ್ನಡಿಯಿದೆ."

ಗಟ್ಟಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದರು. ಆಮೇಲೆ, "ಒಂದಿಷ್ಟು ಕಮ್ಮಿಗೆ ಕೇಳು," ಎಂದರು.

"ಕ್ಷಮಿಸಿ. ಅದು ತಪ್ಪು ಬೆಲೆಯಾಗುತ್ತದೆ."

ಗಟ್ಟಿ ಫೋನನ್ನು ಮೆಲ್ಲಗೆ ಇಟ್ಟರು. ತಪ್ಪು ಬೆಲೆಯನ್ನು ಜಗತ್ತಿನಿಂದಲೇ ಅಳಿಸಿದ ಇಂದುಮತಿ, "ಗಟ್ಟಿಯವರ, ಆ ಬಾಂಡು ನನಗ ಕೊಡ್ರಿ. ನೂರು ರೂಪಾಯಿಗೆ ತೊಗೋತೀನಿ," ಎಂದರು.

"ನೀವು ಪಾಪ ಅಂತ ನೂರು ಕೊಡುವುದು ಡಾಕ್ಟ್ರೆ," ಎಂದರು ಗಟ್ಟಿ, ಫೋನಿನ ಮೇಲಿಂದ ಕೈ ತೆಗೆಯದೆ. "ಅವ ನನ್ನನ್ನು ಮುಳುಗಿಸ್ಲಿಕ್ಕೆ ನೋಡ್ತಿದ್ದ."