ಬಿರುಕಿನ ಮೇಲಿನ ಗಾಜು

ಸುದ್ದಿ ಬಂದಾಗ ಅವಳು ಡೇರೆಯ ಬಾಗಿಲಲ್ಲಿ ಕೂತು ಗಿರಾಕಿಯ ಅಂಗಿಗೆ ಗುಂಡಿ ಹಾಕುತ್ತಿದ್ದಳು.

"ನಮ್ಮ ಮನೆ ಗೋಡೆ ಬಿತ್ತು ಕಣೇ," ಎಂದು ಅತ್ತಿಗೆ ಓಡಿಬಂದಳು. "ಈಗ ಭೂಮಿ ಸಣ್ಣಗೆ ಅದುರಿತಲ್ಲ, ಆಗಲೇ. ಮೇಸ್ತ್ರಿ ಒಳಗೆ ಸುಣ್ಣ ಹೊಡೀತಿದ್ರಂತೆ. ಹೋಗ್ಬಿಟ್ರು."

ದಾರ ಕಡಿಯಲು ಬಾಯಿಗಿಟ್ಟವಳು ಕಡಿಯಲೇ ಇಲ್ಲ.

ಅಣ್ಣನನ್ನು ನುಂಗಿದ ಭೂಕಂಪದ ನಂತರ, ಉಳಿದ ಗೋಡೆಗಳನ್ನು ಪರೀಕ್ಷಿಸಲು ಬೇರೆ ಊರಿನಿಂದ ಬಂದವನು ಆ ಮೇಸ್ತ್ರಿ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸಿ, ಅದರ ಮೇಲೆ ತಾರೀಖು ಬರೆಯುತ್ತಿದ್ದ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ, ಮನೆ ಕೆಡವಬೇಕು. ಮೂರು ವಾರ ಉಳಿದರೆ ವಾಸಿಸಬಹುದು; ಅಲ್ಲಿಯವರೆಗೆ ಡೇರೆಯೇ ಗತಿ.

ಪ್ರತಿ ಮಂಗಳವಾರ ನೋಡಲು ಬರುತ್ತಿದ್ದ. ಬೇರೆ ಮನೆಗಳಲ್ಲಿ ಎರಡು ನಿಮಿಷ, ಇವರ ಮನೆಯಲ್ಲಿ ಅರ್ಧ ಗಂಟೆ.

"ಗಾಜು ಇರೋದು ಗೋಡೆ ಮೇಲೆ ಮೇಸ್ತ್ರಿಗಳೇ, ನನ್ನ ಮುಖದ ಮೇಲಲ್ಲ."

"ಗೋಡೆ ನೋಡಾಯ್ತು. ಅದು ನಗಲ್ಲ."

ಅವಳು ನಗು ತಡೆಯಲು ತುಟಿ ಕಚ್ಚಿದಳು. ಅದನ್ನೂ ಅವನು ನೋಡಿದ.

ಮೂರನೆಯ ವಾರ, ಸೋಮವಾರ, ಮನೆಯಿಂದ ಬಟ್ಟೆ ತರಲು ಹೋದಾಗ ಗಾಜು ಕೂದಲೆಳೆಯಷ್ಟು ಸೀಳಿತ್ತು. ಮನೆ ಹೋದರೆ ಅತ್ತಿಗೆಯ ತವರೇ ಗತಿ, ಎರಡು ದಿನದ ದಾರಿ. ಮತ್ತೆ ಅವನು ಸಿಗುವುದೆಲ್ಲಿ? ಅವನೇ ಅಲ್ಲಿ ಮರೆತು ಬಿಟ್ಟುಹೋಗಿದ್ದ ಪೆಟ್ಟಿಗೆಯಿಂದ ಹೊಸ ಪಟ್ಟಿ ತೆಗೆದು ಅಂಟಿಸಿದಳು. ಹಳೆಯ ತಾರೀಖನ್ನು ಅವನ ಅಕ್ಷರದಲ್ಲೇ ಬರೆದಳು. ಆ ಅಕ್ಷರ ಅವಳ ಕಣ್ಣಲ್ಲೇ ಇತ್ತು.

ಮರುದಿನ ಅವನು ಗಾಜಿನ ಮೇಲೆ ಬೆರಳಾಡಿಸಿದ. "ಗೋಡೆ ಗಟ್ಟಿ. ಇನ್ನು ನಾನು ಬರೋಕೆ ನೆಪ ಇಲ್ಲ."

"ನೆಪ ಯಾಕೆ?"

"ಹಾಗಾದ್ರೆ ನಾಳೆ ಸುಣ್ಣ ನಾನೇ ಹೊಡೀತೀನಿ. ಆಮೇಲೆ... ನಾನೂ ಇಲ್ಲೇ ಇದ್ದುಬಿಡ್ಲಾ?"

"ಹ್ಞೂಂ," ಎಂದಿದ್ದಳು. ಅದು ನಿನ್ನೆಯ ಮಾತು.

ಅವಳು ಹೋಗುವ ಹೊತ್ತಿಗೆ ಅವನನ್ನು ಬೀದಿಯಲ್ಲಿ ಮಲಗಿಸಿದ್ದರು. "ಇವನ ಕಣ್ಣು ತಪ್ಪಿದೆ," ಎನ್ನುತ್ತಿದ್ದ ಅವನ ಜೊತೆ ಕೆಲಸದವನು. "ಇವನು ಪಾಸು ಮಾಡಿದ ಮನೆಗಳನ್ನ ಇನ್ನು ಯಾರು ನಂಬ್ತಾರೆ?"

ಅತ್ತಿಗೆ ಅವಳ ಕೈ ಅದುಮಿದಳು. "ನಿಂದೇನೂ ತಪ್ಪಿಲ್ಲ ಬಿಡಮ್ಮ."

ಅವಳು ಕೈ ಬಿಡಿಸಿಕೊಂಡಳು.

"ಅವರ ಕಣ್ಣು ತಪ್ಪಿಲ್ಲ. ಗಾಜು ಒಡೆದಿತ್ತು. ಬದಲಾಯಿಸಿದವಳು ನಾನು."

ಯಾರೂ ಬಯ್ಯಲಿಲ್ಲ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು, ಅತ್ತಿಗೆಯೂ.

ಅವನ ಬೆರಳುಗಳಲ್ಲಿ ಸುಣ್ಣ ಇನ್ನೂ ಹಸಿಯಾಗಿತ್ತು. ಅವಳು ಕೂತು ಒಂದೊಂದೇ ಬೆರಳು ಒರೆಸಿದಳು. ದೇವರೇ, ನನ್ನನ್ನು ನಂಬಿ ಹೋದ ಜೀವ ಇದು. ನನಗಾಗಿ ಏನೂ ಕೇಳುವುದಿಲ್ಲ. ಇವರನ್ನು ನಿನ್ನ ಪಾದದ ಬಳಿ ತಣ್ಣಗಿಡು.